ಇಲಿಯ ಮೇಲಿನ ಪ್ರಯೋಗವೆಂದು ಶೀರ್ಷಿಕೆಯೇ ಹೇಳಲಿ

ಮಾನ್ಯ ಸಂಪಾದಕರೇ,

ಮರೆವಿನ ಕಾಯಿಲೆಗೆ ಹೊಸ ಮದ್ದು ಎಂಬ ಧಾಟಿಯ ಸುದ್ದಿಗಳು ನಿಮ್ಮ ವಿಜ್ಞಾನ ಪುಟದಲ್ಲಿ ಆಗಾಗ ಬರುತ್ತವೆ. ಇತ್ತೀಚೆಗೆ ಬಂದ ಅಂಥದ್ದೊಂದರ ಮೂಲ ಪ್ರಬಂಧವನ್ನು ಹುಡುಕಿ ಓದಿದೆ. ಪ್ರಯೋಗ ನಡೆದದ್ದು ಇಲಿಗಳ ಮೇಲೆ. ನಿಮ್ಮ ತಲೆಬರಹದಲ್ಲಿ ಇಲಿಯ ಸುಳಿವಿಲ್ಲ. ಮೂಲ ಪ್ರಬಂಧದ ಶೀರ್ಷಿಕೆಯಲ್ಲೂ ಇಲ್ಲ. ಹಾಗಾಗಿ ನಿಮ್ಮ ವರದಿಗಾರರೊಬ್ಬರನ್ನೇ ದೂರುವುದು ನ್ಯಾಯವಲ್ಲ.

ಇದೊಂದು ಬಿಡಿ ಪ್ರಕರಣವೂ ಅಲ್ಲ. ಅಲ್ಜೈಮರ್ ಕುರಿತು ಇಲಿಗಳ ಮೇಲೆ ಪ್ರಯೋಗ ನಡೆಸಿದ 600ಕ್ಕೂ ಹೆಚ್ಚು ಪ್ರಬಂಧಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2021ರಲ್ಲಿ ‘ಪ್ಲಾಸ್ ಬಯಾಲಜಿ’ಯಲ್ಲಿ ಪ್ರಕಟವಾಯಿತು. ಶೀರ್ಷಿಕೆಯಲ್ಲಿ ಇಲಿಯ ಹೆಸರೆತ್ತದ ಪ್ರಬಂಧಗಳೇ ಹೆಚ್ಚು ಸುದ್ದಿಯಾಗಿದ್ದವು. ಆ ಸುದ್ದಿಗಳ ತಲೆಬರಹಗಳೂ ಇಲಿಯನ್ನು ಬಿಟ್ಟುಬಿಡುವುದೇ ಹೆಚ್ಚಾಗಿತ್ತು. ಮನೆಯಲ್ಲಿ ಆ ಕಾಯಿಲೆಯವರನ್ನು ನೋಡಿಕೊಳ್ಳುತ್ತಿರುವವರು ಇಂಥ ಸುದ್ದಿಯನ್ನು ಕತ್ತರಿಸಿಟ್ಟುಕೊಂಡು ವೈದ್ಯರ ಬಳಿ ಒಯ್ಯುತ್ತಾರೆ. ಅವರಿಗೆ ಆಗುವ ನಿರಾಸೆಯನ್ನು ಯೋಚಿಸಿದರೆ ಸಂಕಟವಾಗುತ್ತದೆ.

ನಾನು ಗ್ರಂಥಾಲಯದ ನಿಯತಕಾಲಿಕಗಳ ವಿಭಾಗದಲ್ಲಿ ದುಡಿದು ನಿವೃತ್ತಳಾದವಳು. ಸಂಶೋಧಕರು ಬರೀ ಶೀರ್ಷಿಕೆಯನ್ನೇ ನೆಚ್ಚಿ ಕೆಲಸ ಮಾಡುತ್ತಿದ್ದ ಕಾಲವನ್ನು ಕಂಡಿದ್ದೇನೆ. ವಾರವಾರವೂ ಬರುತ್ತಿದ್ದ ‘ಕರೆಂಟ್ ಕಂಟೆಂಟ್ಸ್’ ಎಂದರೆ ಬೇರೆ ಬೇರೆ ಪತ್ರಿಕೆಗಳ ಪರಿವಿಡಿ ಪುಟಗಳ ಕಟ್ಟು, ಹಿಂಬದಿಯಲ್ಲಿ ಲೇಖಕರ ವಿಳಾಸ. ಓದುಗರು ಪೆನ್ಸಿಲ್ಲಿನಿಂದ ಗುರುತು ಹಾಕಿಕೊಂಡು, ಆ ವಿಳಾಸಕ್ಕೆ ರೀಪ್ರಿಂಟ್ ಕೋರುವ ಕಾರ್ಡು ಬರೆದು ಅಂಚೆಗೆ ಹಾಕುತ್ತಿದ್ದರು. ಪ್ರತಿ ಕೈಸೇರಲು ವಾರಗಟ್ಟಲೆ ಕಾಯಬೇಕು. ಶೀರ್ಷಿಕೆ ಹೇಳುವುದೊಂದು, ಒಳಗಿರುವುದು ಇನ್ನೊಂದು ಎಂದಾದರೆ ಅಷ್ಟು ದಿನ ವ್ಯರ್ಥ. ಅದಕ್ಕಿಂತ ದೊಡ್ಡ ನಷ್ಟ, ನಿಜಕ್ಕೂ ಬೇಕಾಗಿದ್ದ ಪ್ರಬಂಧದ ಶೀರ್ಷಿಕೆ ಅಸ್ಪಷ್ಟವಾಗಿದ್ದರೆ ಯಾರೂ ಅದಕ್ಕೆ ಗುರುತೇ ಹಾಕುತ್ತಿರಲಿಲ್ಲ.

1961ರಿಂದ ಬರತೊಡಗಿದ ‘ಕೆಮಿಕಲ್ ಟೈಟಲ್ಸ್’ ಸೂಚಿಯಲ್ಲಂತೂ ಎಲ್ಲವೂ ಶೀರ್ಷಿಕೆಯ ಪದಗಳ ಮೇಲೇ ನಿಂತಿತ್ತು. ಐಬಿಎಂನ ಹಾನ್ಸ್ ಪೀಟರ್ ಲೂನ್ ರೂಪಿಸಿದ ವಿಧಾನವದು. ಶೀರ್ಷಿಕೆಯ ಪ್ರತಿಯೊಂದು ಮುಖ್ಯ ಪದವನ್ನೂ ಕಂಪ್ಯೂಟರ್ ಅಕಾರಾದಿಯಲ್ಲಿ ಜೋಡಿಸುತ್ತಿತ್ತು. ಶೀರ್ಷಿಕೆಯಲ್ಲಿ ಇಲ್ಲದ ಪದದಡಿ ಆ ಪ್ರಬಂಧ ಸಿಗುವ ಮಾತೇ ಇರಲಿಲ್ಲ.

ಒಳ್ಳೆಯ ಶೀರ್ಷಿಕೆ ಹೇಗಿರಬೇಕು ಎಂದು ಕಿರಿಯ ಸಹೋದ್ಯೋಗಿಗಳು ಕೇಳಿದಾಗ ನಾನು ಸಿ.ವಿ. ರಾಮನ್ ಅವರ 1928ರ ಪತ್ರಗಳನ್ನು ತೋರಿಸುತ್ತಿದ್ದೆ. ಮಾರ್ಚ್ 31ರ ‘ನೇಚರ್’ನಲ್ಲಿ ಕೆ.ಎಸ್. ಕೃಷ್ಣನ್ ಅವರೊಂದಿಗೆ ಪ್ರಕಟಿಸಿದ ಪತ್ರದ ಶೀರ್ಷಿಕೆ ‘ಎ ನ್ಯೂ ಟೈಪ್ ಆಫ್ ಸೆಕೆಂಡರಿ ರೇಡಿಯೇಷನ್’. ಹೊಸ ಬಗೆಯ ವಿಕಿರಣ ಎಂಬುದೇನೋ ತಿಳಿಯುತ್ತದೆ. ಬೆಳಕಿನ ಪ್ರಸ್ತಾಪವಿಲ್ಲ, ಚದುರುವಿಕೆಯ ಪ್ರಸ್ತಾಪವಿಲ್ಲ. ಏಪ್ರಿಲ್ 21ರ ಪತ್ರದ ಶೀರ್ಷಿಕೆ ‘ಎ ಚೇಂಜ್ ಆಫ್ ವೇವ್‌ಲೆಂತ್ ಇನ್ ಲೈಟ್ ಸ್ಕ್ಯಾಟರಿಂಗ್’. ಬೆಳಕು ಚದುರುವಾಗ ಅದರ ತರಂಗಾಂತರ ಬದಲಾಗುತ್ತದೆ ಎಂಬ ಶೋಧವೇ ಅದರಲ್ಲಿದೆ. ಮೂರೇ ವಾರಗಳಲ್ಲಿ ಶೀರ್ಷಿಕೆ ಇಷ್ಟು ತಿಳಿಯಾಯಿತು.

ಫಲಿತಾಂಶವನ್ನೇ ಪೂರ್ಣ ವಾಕ್ಯವಾಗಿ ಶೀರ್ಷಿಕೆಯಲ್ಲಿ ಬರೆಯುವ ರೂಢಿ ಈಗ ಜೀವವಿಜ್ಞಾನದಲ್ಲಿ ಸಾಕಷ್ಟು ಬೆಳೆದಿದೆ. ನನಗೆ ಅದು ಒಂದು ಮಟ್ಟಿಗೆ ಮಾತ್ರ ಒಪ್ಪಿಗೆ. ‘ಇಂಥ ಪ್ರೋಟೀನು ನೆನಪಿನ ಶಕ್ತಿಯನ್ನು ಮರಳಿಸುತ್ತದೆ’ ಎಂದು ಬರೆದಾಗ ಒಂದು ಪ್ರಯೋಗಾಲಯದಲ್ಲಿ ಒಮ್ಮೆ ಕಂಡದ್ದು ಎಲ್ಲರಿಗೂ ಎಲ್ಲ ಕಾಲಕ್ಕೂ ಅನ್ವಯಿಸುವ ಸತ್ಯದಂತೆ ಕೇಳಿಸುತ್ತದೆ. ಯಾರ ಮೇಲೆ, ಯಾವ ಬಗೆಯ ಅಧ್ಯಯನ ಎಂಬುದೂ ಅಲ್ಲೇ ಇರಬೇಕು. ವೈದ್ಯಕೀಯದ ‘ಕನ್ಸಾರ್ಟ್’ ಮಾರ್ಗಸೂಚಿ, ರೋಗಿಗಳನ್ನು ಯಾದೃಚ್ಛಿಕವಾಗಿ ಗುಂಪು ಮಾಡಿ ನಡೆಸಿದ ಪರೀಕ್ಷೆಯಾದರೆ ಅದನ್ನು ಶೀರ್ಷಿಕೆಯಲ್ಲೇ ತಿಳಿಸಿ ಎನ್ನುತ್ತದೆ. ಪ್ರಾಣಿಗಳ ಮೇಲಿನ ಪ್ರಯೋಗಕ್ಕೂ ಎಲ್ಲ ಪತ್ರಿಕೆಗಳು ಇಷ್ಟೇ ಕಟ್ಟುನಿಟ್ಟಾಗಲಿ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಸಂಶೋಧನೆಯ ಸುದ್ದಿ ಹಾಕುವಾಗ ಅದು ಇಲಿಯ ಮೇಲೋ, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೋ, ಮನುಷ್ಯರ ಮೇಲೋ ಎಂಬುದು ತಲೆಬರಹದಲ್ಲೇ ಇರಲಿ. ವರದಿಯ ಕೊನೆಗೆ ಮೂಲ ಪ್ರಬಂಧದ ಶೀರ್ಷಿಕೆ, ಪ್ರಕಟವಾದ ಪತ್ರಿಕೆ ಮತ್ತು ವರ್ಷವನ್ನು ಹಾಕಿ. ಎರಡು ಸಾಲಿನ ಜಾಗ ಸಾಕು. ಹುಡುಕಿ ಓದಬೇಕೆನ್ನುವವರಿಗೆ ದಾರಿ ಸಿಗುತ್ತದೆ.

ಇಂತಿ,
ನಿವೃತ್ತ ಗ್ರಂಥಪಾಲಕಿ