ಸೌದೆ ಕೊಟ್ಟಿಗೆಗೆ ಅಂಗಡಿ ಕಂದಾಯ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ಹಾಸನ ಜಿಲ್ಲೆಯ ನಿಮ್ಮ ಕ್ಷೇತ್ರದ ಪುಟ್ಟ ಊರೊಂದರಿಂದ ಬರೆಯುತ್ತಿದ್ದೇನೆ. ಊರಿನ ಹೆಸರು ಹಾಕಿಲ್ಲ. ಹಾಕಿದರೆ ನಾಳೆ ನಮ್ಮ ನಲ್ಲಿಯಲ್ಲಿ ನೀರು ಬರುತ್ತೋ ಇಲ್ಲವೋ ಅಂತ ಭಯ. ಮೂರು ಅರ್ಜಿ ಕೊಟ್ಟವಳು ನಾನೇ ಅಂತ ಹೇಗೂ ಗೊತ್ತಾಗುತ್ತದೆ ಬಿಡಿ.

ವಿಷಯ ಒಂದು ಶಟರ್‌ದು. ನಮ್ಮ ಮನೆ ಪಕ್ಕ ಸೌದೆ ಕೊಟ್ಟಿಗೆ ಇದೆ. 10 ಅಡಿಗೆ 12 ಅಡಿ, ಮೇಲೆ ಮಂಗಳೂರು ಹೆಂಚು. ಒಳಗೆ ಸೌದೆ, ತೆಂಗಿನ ಮಟ್ಟೆ, ಎರಡು ಮೂಟೆ ಆಲೂಗಡ್ಡೆ, ಮಳೆ ಜಾಸ್ತಿಯಾದರೆ ಕೋಳಿಗಳು. 15 ವರ್ಷದ ಹಿಂದೆ ನಮ್ಮ ಯಜಮಾನರು ಗುಜರಿಯಿಂದ ಹಳೇ ಶಟರ್ ತಂದು ಅದಕ್ಕೆ ಹಾಕಿಸಿದರು. ಮರದ ಬಾಗಿಲಿಗಿಂತ ಅಗ್ಗ ಅಂತ. ಆ ಶಟರ್ ಮೇಲೆ ‘ಸ್ಟೋರ್ಸ್’ ಅನ್ನೋ ಅಕ್ಷರ ಇನ್ನೂ ಕಾಣುತ್ತದೆ. ಯಾರ ಸ್ಟೋರ್ಸೋ ದೇವರಿಗೇ ಗೊತ್ತು.

2024ರ ಬೇಸಿಗೆಯಲ್ಲಿ ಪುರಸಭೆಯಿಂದ ಆಸ್ತಿ ಸರ್ವೆಗೆ ಬಂದ ಹುಡುಗ ಬೈಕಿನಿಂದ ಇಳಿಯಲೇ ಇಲ್ಲ. ಗೇಟಿನ ಆಚೆಯಿಂದ ಮೊಬೈಲಿನಲ್ಲಿ ಒಂದು ಫೋಟೋ ತೆಗೆದ. ಕಾಫಿ ಕುಡಿತೀಯೇನಪ್ಪಾ ಅಂದೆ. ಬೇಡ ಅಜ್ಜಿ, ಇನ್ನೂ 40 ಮನೆ ಇದೆ ಅಂದ. ಅಷ್ಟೇ ನಮ್ಮ ಆಸ್ತಿಯ ಮೌಲ್ಯಮಾಪನ.

ಮುಂದಿನ ಬಿಲ್ಲಿನಲ್ಲಿ ನಮ್ಮ ಕೊಟ್ಟಿಗೆ 400 ಚದರಡಿಯ ಆರ್‌ಸಿಸಿ ವಾಣಿಜ್ಯ ಕಟ್ಟಡ ಆಗಿತ್ತು. 1,900 ರೂಪಾಯಿ ಇದ್ದ ಮನೆ ಕಂದಾಯ 6,400ಕ್ಕೆ ಹೋಯಿತು. ಅದರೊಳಗೇ ಕಂದಾಯದ ಮೇಲೆ ಹಾಕುವ ಕರಗಳೂ ಇವೆ. ಆರೋಗ್ಯಕ್ಕೆ 15, ಗ್ರಂಥಾಲಯಕ್ಕೆ 6, ಭಿಕ್ಷುಕರಿಗೆ 3, ಒಟ್ಟು ನೂರಕ್ಕೆ 24. ಇಲ್ಲದ ಅಂಗಡಿಯ ಮೇಲೂ ಭಿಕ್ಷುಕರ ಕರ! ಹೀಗೇ ಆದರೆ ಆ ದುಡ್ಡಿನ ಫಲಾನುಭವಿ ನಾನೇ ಆಗುತ್ತೇನೆ.

ಪುರಸಭೆ ಕಚೇರಿಗೆ ಹೋದೆ. ಅದು ಅಂಗಡಿ ಅಲ್ಲ ಸ್ವಾಮಿ ಅಂದೆ. ‘ಅಲ್ಲ ಅನ್ನೋದಕ್ಕೆ ಪ್ರೂಫ್ ತನ್ನಿ’ ಅಂದರು. ಇಲ್ಲದ ಅಂಗಡಿಗೆ ಪ್ರೂಫ್ ಎಲ್ಲಿಂದ ತರಲಿ? ಮನೆಯ ಕರೆಂಟ್ ಬಿಲ್ ತೋರಿಸಿದೆ, ಕೊಟ್ಟಿಗೆಗೆ ಬೇರೆ ಮೀಟರೇ ಇಲ್ಲ ಅಂದೆ. ಅವರು ಕಂಪ್ಯೂಟರ್ ತಿರುಗಿಸಿ ಶಟರ್ ಫೋಟೋ ತೋರಿಸಿದರು. ‘ಸ್ಟೋರ್ಸ್ ಅಂತ ಬೋರ್ಡೇ ಇದೆಯಲ್ಲಮ್ಮ. ಟ್ರೇಡ್ ಲೈಸೆನ್ಸ್ ಎಲ್ಲಿ? ಇಲ್ಲದೇ ವ್ಯಾಪಾರ ಮಾಡಿದರೆ ಅದಕ್ಕೂ ನೋಟಿಸ್ ಬರುತ್ತೆ’ ಅಂದರು. ಹಿಂದೆ ಸಾಲಿನಲ್ಲಿ ನಿಂತಿದ್ದವರು ನಕ್ಕರು. ನನಗೂ ನಗು ಬಂತು. ಮನೆಗೆ ಬಂದ ಮೇಲೆ ಅಳು ಬಂತು.

ನಿಯಮ ನಾನು ಹೇಳಿಕೊಡಬೇಕಾಗಿಲ್ಲ. 1964ರ ಪುರಸಭೆ ಕಾಯ್ದೆ ಪ್ರಕಾರ ಶಾಸಕರೂ ಪುರಸಭೆಯ ಸದಸ್ಯರೇ. 2021ರಲ್ಲಿ ಅದೇ ಕಾಯ್ದೆ ತಿದ್ದಿ ಕಂದಾಯವನ್ನು ಚಾಲ್ತಿ ಮಾರ್ಗಸೂಚಿ ದರಕ್ಕೆ, ಅಂದರೆ ಸರ್ಕಾರ ಗೊತ್ತುಮಾಡುವ ಆಸ್ತಿ ಬೆಲೆಗೆ, ಜೋಡಿಸಿದ್ದು ನಿಮ್ಮ ಸದನ. 2023ರ ಅಕ್ಟೋಬರ್ 1ರಿಂದ ಆ ದರವೂ ಏರಿತು. ಏರಲಿ, ಅದಕ್ಕೆ ನಾನು ಜಗಳ ಮಾಡುತ್ತಿಲ್ಲ. ಸ್ವಯಂ ಘೋಷಿತ ತೆರಿಗೆ ಅಂತೀರಿ. ಸ್ವಯಂ ಅಂದರೆ ನಾನು ತಾನೇ? ಅಂಗಡಿ ಅಂತ ಘೋಷಿಸಿದ್ದು ಮಾತ್ರ ಪುರಸಭೆಯವರು. ಒಂದು ನೋಟಿಸ್ ಇಲ್ಲ, ನಮ್ಮ ಮಾತು ಕೇಳಿದ್ದಿಲ್ಲ. ದಯವಿಟ್ಟು ಯಾರಾದರೂ ಟೇಪ್ ಹಿಡಿದು ಬಂದು ಅಳೆಯಿರಿ.

ಮೊದಲ ಅರ್ಜಿಗೆ ಸೀಲು ಹಾಕಿ ಕೊಟ್ಟರು. ಎರಡನೆಯದಕ್ಕೆ ಸರ್ವರ್ ಇಲ್ಲ ಅಂದರು. ಅರ್ಜಿ ಕಾಗದದ ಮೇಲಿದೆ, ಅದಕ್ಕೂ ಸರ್ವರ್‌ಗೂ ಏನು ಸಂಬಂಧವೋ. ಮೂರನೆಯದಕ್ಕೆ ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆಯಾದರೂ ತೆರೆಯುತ್ತದೆ. ಈ ಸಾಹೇಬರ ಕೋಣೆ ಬಾಗಿಲು ತೆರೆದದ್ದನ್ನು ನಾನು ಒಂದು ಸಲವೂ ನೋಡಲಿಲ್ಲ. ಮಂಡಿ ನೋವಿಟ್ಟುಕೊಂಡು ಆ ಮೆಟ್ಟಿಲು ಹತ್ತುವುದು ನನಗೇ ಗೊತ್ತು.

ಹಳೇ ಲೆಕ್ಕದಂತೆ 1,900 ಕಟ್ಟುತ್ತೇನೆ, ಉಳಿದದ್ದು ತೀರ್ಮಾನವಾದ ಮೇಲೆ ಅಂದೆ. ಸಾಫ್ಟ್‌ವೇರ್ ತಗೊಳ್ಳಲ್ಲವಂತೆ. ಏಪ್ರಿಲ್‌ನಲ್ಲಿ ಸಿಗುವ ನೂರಕ್ಕೆ 5ರ ರಿಯಾಯಿತಿ ಹೋಯಿತು. ಜುಲೈಯಿಂದ ತಿಂಗಳಿಗೆ ನೂರಕ್ಕೆ 2ರಂತೆ ದಂಡ ಬೆಳೆಯುತ್ತಿದೆ. ಅರ್ಜಿ ಮಲಗಿದ್ದರೂ ದಂಡಕ್ಕೆ ಮಾತ್ರ ನಿದ್ದೆ ಇಲ್ಲ.

ಇಷ್ಟು ದಿನ ಸುಮ್ನೆ ಇದ್ದವಳು ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಮಗನ ಬ್ಯಾಂಕ್ ಸಾಲಕ್ಕೆ ಇ-ಖಾತೆ, ಅಂದರೆ ಆಸ್ತಿಯ ಕಂಪ್ಯೂಟರ್ ದಾಖಲೆ, ಬೇಕು. ಇ-ಖಾತೆಗೆ ಕಂದಾಯ ಚುಕ್ತಾ ಆಗಬೇಕು. ದುಡ್ಡು ಹೇಗೋ ಹೊಂದಿಸಿ ಕಟ್ಟಿಬಿಡಬಹುದು. ಆದರೆ ಕಟ್ಟಿದರೆ ಒಪ್ಪಿಕೊಂಡ ಹಾಗೆ, ಅಲ್ವಾ? ಆಮೇಲೆ ಇ-ಖಾತೆಯ ನಮೂನೆ-3ರಲ್ಲೂ ನಮ್ಮ ಕೋಳಿಗಳು ವಾಣಿಜ್ಯ ಕಟ್ಟಡದಲ್ಲೇ ವಾಸ ಮಾಡುತ್ತವೆ.

ನಾನು ಕಂದಾಯ ಮನ್ನಾ ಮಾಡಿ ಅನ್ನುತ್ತಿಲ್ಲ. ರಿಯಾಯಿತಿಯೂ ಬೇಡ. ಟೇಪ್ ಹಿಡಿದು ಬಂದು ಅಳೆಯಿರಿ. 400 ಚದರಡಿ ಇದ್ದರೆ ದಂಡದ ಸಮೇತ ಕಟ್ಟುತ್ತೇನೆ. 120 ಇದ್ದರೆ ‘ಅಂಗಡಿ’ ಅನ್ನುವುದನ್ನು ತೆಗೆದು ಆದೇಶ ಬರೆದು ಕೊಡಿ. ಬಾಯಿಮಾತು ಬೇಡ, ಸಹಿ ಇರುವ ಆದೇಶ ಬೇಕು.

ಮುಂದಿನ ಸಲ ಪುರಸಭೆ ಮೀಟಿಂಗ್‌ಗೆ ಹೋದಾಗ ಇದೊಂದು ಮಾತು ಕೇಳಿ. ಅಳೆಯುವವರು ಯಾವ ದಿನ ಬಂದರೂ ಸರಿ, ನಾನು ಮನೆಯಲ್ಲೇ ಇರುತ್ತೇನೆ. ಶಟರ್‌ಗೆ ಬೀಗ ಇಲ್ಲ. ಎಡಗಡೆ ಸ್ವಲ್ಪ ತುಕ್ಕು ಹಿಡಿದಿದೆ, ಬಲಗಡೆಯಿಂದ ಎತ್ತಬೇಕು.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು
(ಸ್ಟೋರ್ಸ್ ಮಾಲೀಕಳು ಅಲ್ಲ)