ಒಂದೇ ಕೈಯ ಎರಡು ರುಜು

ಶಿಕಾಗೋ
ಅಕ್ಟೋಬರ್ 2025

ಚಿ. ಸುಹಾಸನಿಗೆ,

ದೊಡ್ಡಜ್ಜಿ ಮಾಡುವ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ಜಗಳ ಆಡಿದ ಮೇಲೆ ಎರಡು ದಿನ ಮನಸ್ಸು ಸರಿ ಇರಲಿಲ್ಲ. ಫೋನಿನಲ್ಲಿ ನೀನು ಜೋರು, ನಾನು ನಿಧಾನ. ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ಇನ್ನೊಂದು ವಿಷಯಕ್ಕೆ ಹಾರಿರುತ್ತೀಯ. ಅದಕ್ಕೇ ಈ ಕಾಗದ. ಆರನೇ ಕ್ಲಾಸಿನವರೆಗೆ ಮೈಸೂರಿನಲ್ಲಿ ಓದಿದವನು ನೀನು, ಕನ್ನಡ ಓದೋಕೆ ಕಷ್ಟ ಅಂತ ನೆಪ ಹೇಳಬೇಡ.

ಜೂನ್ 14ರಂದು ಡೆಮಾಕ್ರಾಟ್ ಶಾಸಕಿ ಮೆಲಿಸ್ಸಾ ಹಾರ್ಟ್‌ಮನ್ ಅವರನ್ನೂ ಅವರ ಗಂಡನನ್ನೂ ಮನೆಯಲ್ಲೇ ಗುಂಡು ಹಾರಿಸಿ ಕೊಂದರಲ್ಲ, ಅಂದಿನಿಂದ ನೀನು ಸೋತವನ ಹಾಗೆ ಮಾತಾಡುತ್ತಿದ್ದೀಯ. ನೀನಿರುವ ಮಿನೆಸೋಟಾದಲ್ಲೇ ಆದದ್ದು, ಆಕೆಯ ಪಕ್ಷಕ್ಕಾಗಿ ನೀನು ಚಳಿಯಲ್ಲಿ ಬಾಗಿಲು ತಟ್ಟಿದವನು. ಬೇಸರ ಸಹಜ. ಆದರೆ ನೀನು ಹೇಳಿದ್ದೇನು? "ಇನ್ನು ಯಾವ ಬಾಗಿಲೂ ತಟ್ಟಲ್ಲ, ಓಟೂ ಹಾಕಲ್ಲ. ಕೆನಡಿ, ಮಾಲ್ಕಮ್ ಎಕ್ಸ್, ಕಿಂಗ್, ಬಾಬಿ ಕೆನಡಿ, ಈ ನಾಲ್ಕು ಜನ ಬದುಕಿದ್ದಿದ್ದರೆ ದೇಶವೇ ಬೇರೆ ಇರ್ತಿತ್ತು. ನಾವು ಹುಟ್ಟೋಕೆ ಮೊದಲೇ ಸೋತಾಗಿದೆ." ಅಧ್ಯಕ್ಷ ಕೆನಡಿ, ಅವರ ತಮ್ಮ ಬಾಬಿ, ಕಪ್ಪು ಜನರ ನಾಯಕರಾದ ಮಾಲ್ಕಮ್ ಎಕ್ಸ್ ಮತ್ತು ಕಿಂಗ್, ನಾಲ್ವರೂ ಅರವತ್ತರ ದಶಕದಲ್ಲಿ ಗುಂಡಿಗೆ ಬಲಿಯಾದವರು. ಆ ಕಾಲದ ಒಂದು ಚೂರನ್ನು ಕಣ್ಣಾರೆ ಕಂಡವಳು ನಾನು. ನನಗೆ ಅದು ಹಾಗೆ ಕಾಣುವುದಿಲ್ಲ.

1963ರಲ್ಲಿ ನನಗೆ ಹದಿನೈದು, ಹಾಸನದಲ್ಲಿದ್ದೆವು. ನವೆಂಬರ್ 23ರ ಬೆಳಿಗ್ಗೆ ರೇಡಿಯೋದಲ್ಲಿ ಸುದ್ದಿ ಬಂತು, ಡಲ್ಲಾಸಿನಲ್ಲಿ ಕೆನಡಿಯನ್ನು ಕೊಂದರು ಅಂತ. ನಮ್ಮ ಬೀದಿಯ ಕ್ಷೌರದ ಅಂಗಡಿಯಲ್ಲಿ ನೆಹರೂ ಪಟದ ಪಕ್ಕ ಕೆನಡಿ ಪಟವಿತ್ತು. ಅಂದು ಅಂಗಡಿಯವನು ಅದಕ್ಕೆ ಹೂವಿನ ಹಾರ ಹಾಕಿದ. ಹಾರ ಹಾಕಿದ ಮೇಲೆ ಮನುಷ್ಯ ದೇವರಾಗುತ್ತಾನೆ, ಅಲ್ವಾ? ಕೆನಡಿ ಬದುಕಿದ್ದಾಗ ಅವರ ನಾಗರಿಕ ಹಕ್ಕುಗಳ ಮಸೂದೆ ಕಾಂಗ್ರೆಸ್ಸಿನಲ್ಲಿ, ಅಂದರೆ ಇಲ್ಲಿನ ಸಂಸತ್ತಿನಲ್ಲಿ, ಸಿಕ್ಕಿಹಾಕಿಕೊಂಡಿತ್ತು. ಅವರು ಸತ್ತ ಐದನೇ ದಿನ, ಅವರ ಜಾಗಕ್ಕೆ ಅಧ್ಯಕ್ಷರಾಗಿ ಬಂದ ಜಾನ್ಸನ್ ಕಾಂಗ್ರೆಸ್ಸಿನ ಮುಂದೆ ನಿಂತು, ಕೆನಡಿ ನೆನಪಿಗಾಗಿ ಇದನ್ನು ಪಾಸು ಮಾಡಿ ಅಂದರು. ಸಾವಿನ ಬಲ ಅಷ್ಟು. ಆದರೆ ಬರೀ ಕಣ್ಣೀರಿನಿಂದ ಪಾಸಾಗಲಿಲ್ಲ. ಸೆನೆಟ್ಟಿನಲ್ಲಿ ವಿರೋಧಿಗಳು 60 ದಿನ ಭಾಷಣ ಹೊಡೆದು ತಡೆದರು. ಕೊನೆಗೆ ರಿಪಬ್ಲಿಕನ್ ನಾಯಕ ಡರ್ಕ್‌ಸನ್, ಅವರು ಇದೇ ಇಲಿನಾಯ್ಸ್‌ನವರು, ತಮ್ಮ ಕಡೆಯ ಓಟು ತಂದ ಮೇಲೆ 71-29ರಲ್ಲಿ ಆ ತಡೆ ಮುರಿಯಿತು. ಪಟಕ್ಕೆ ಹಾರ ಹಾಕಿದವರಿಗೆ ಈ ಲೆಕ್ಕ ನೆನಪಿರಲಿಲ್ಲ. ನನಗೂ ಇರಲಿಲ್ಲ, ಇಲ್ಲಿಗೆ ಬಂದು ಓದಿ ತಿಳಿದದ್ದು.

ಈ ಜಾನ್ಸನ್ ವಿಷಯ ಸ್ವಲ್ಪ ಉದ್ದ ಹೇಳಬೇಕು. ನಮ್ಮ ಮನೆಯ ಕಥೆಯೂ ಅದರಲ್ಲಿದೆ.

1965ರ ಜುಲೈ 28ರಂದು ಅವರು ವಿಯೆಟ್ನಾಮಿಗೆ ಸೈನಿಕರ ಸಂಖ್ಯೆಯನ್ನು 75,000ದಿಂದ 1,25,000ಕ್ಕೆ ಏರಿಸುತ್ತೇನೆ ಅಂದರು. ಎರಡೇ ದಿನದ ನಂತರ, ಜುಲೈ 30ಕ್ಕೆ, ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್‌ಗೆ ರುಜು ಹಾಕಿದರು. ಇವತ್ತು ನನ್ನ ಮಂಡಿ ನೋವಿನ ಡಾಕ್ಟರ ಬಿಲ್ಲು ಕಟ್ಟುವುದು ಅದೇ. ಆಗಸ್ಟ್ 6ಕ್ಕೆ ಕಪ್ಪು ಜನರ ಮತದಾನದ ಹಕ್ಕಿನ ಕಾನೂನು. ಅಕ್ಟೋಬರ್ 3ಕ್ಕೆ ಲಿಬರ್ಟಿ ಪ್ರತಿಮೆಯ ಕೆಳಗೆ ಕೂತು ವಲಸೆ ಕಾನೂನಿಗೆ ರುಜು. ಅದಕ್ಕೆ ಮೊದಲು ಇಡೀ ಭಾರತಕ್ಕೆ ವರ್ಷಕ್ಕೆ 100 ಜನರ ಕೋಟಾ. ಆಮೇಲೆ ಒಂದು ದೇಶಕ್ಕೆ 20,000ದವರೆಗೆ. ನಮ್ಮ ಕನ್ನಡ ಕೂಟದ ಮೊದಲ ತಲೆಮಾರು ಹೆಚ್ಚುಕಮ್ಮಿ ಪೂರ್ತಿ ಆ ರುಜುವಿನಿಂದ ಬಂದದ್ದು. ನಾವೂ ಅಷ್ಟೇ, 1970ರಲ್ಲಿ.

ಬಂದು ಕೆಲವೇ ವಾರಕ್ಕೆ ದೊಡ್ಡತಾತ ಡ್ರಾಫ್ಟ್ ಬೋರ್ಡಿಗೆ ಹೆಸರು ಕೊಡಬೇಕಾಯಿತು. ಗ್ರೀನ್ ಕಾರ್ಡ್ ಇರುವ ಹುಡುಗರನ್ನೂ ಸೈನ್ಯಕ್ಕೆ ಎಳೆದುಕೊಳ್ಳಬಹುದಿತ್ತು. ಅವರಿಗೆ ಆಗ ಇಪ್ಪತ್ತೈದು, ನನಗೆ ಇಪ್ಪತ್ತೆರಡು. ಹುಟ್ಟಿದ ತಾರೀಕಿನ ಮೇಲೆ ಲಾಟರಿ ಎತ್ತಿ ನಂಬರ್ ಕೊಟ್ಟಿದ್ದರು, 1ರಿಂದ 366. ಆ ವರ್ಷ 195ರವರೆಗೆ ಕರೆದರು. ದೊಡ್ಡತಾತನ ನಂಬರ್ ಮುನ್ನೂರರ ಮೇಲಿತ್ತು. ಜಾತಕ ನಂಬದ ಮನುಷ್ಯ, ಅವತ್ತು ರಾತ್ರಿ ದೇವರ ಮುಂದೆ ದೀಪ ಹಚ್ಚಿದರು. ಈ ದೇಶದೊಳಗೆ ನಮ್ಮನ್ನು ಬಿಟ್ಟ ಕಾನೂನೂ ಜಾನ್ಸನ್ನರದು, ಆ ನಂಬರ್ ಕೊಡುವಂತೆ ಬೆಳೆಸಿದ ಯುದ್ಧವೂ ಅವರದೇ. ಒಂದೇ ಕೈ. ಯಾರನ್ನು ಹೊಗಳಲಿ, ಯಾರನ್ನು ಬೈಯಲಿ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ.

(ನಿನ್ನ ಅಜ್ಜಿ ಶಾಲೆಯಲ್ಲಿ ಅಮೆರಿಕದ ಹಾಲಿನ ಪುಡಿ ಕುಡಿದು, ಹಳದಿ ಉಪ್ಪಿಟ್ಟು ತಿಂದು ಬೆಳೆದವಳು. ಕೇಳು, ಆ ವಾಸನೆ ಹೇಳುತ್ತಾಳೆ. 1966ರ ಬರದಲ್ಲಿ ಇಂದಿರಾ ಗಾಂಧಿ ವಿಯೆಟ್ನಾಮಿನ ಬಾಂಬ್ ದಾಳಿ ನಿಲ್ಲಿಸಿ ಅಂದಿದ್ದಕ್ಕೆ ಜಾನ್ಸನ್ನರಿಗೆ ಸಿಟ್ಟು. ಗೋಧಿ ಹಡಗುಗಳನ್ನು ಬಿಗಿಹಿಡಿದು, ತಿಂಗಳು ತಿಂಗಳಿಗೆ ಅಳೆದು ಅಳೆದು ಕಳಿಸಿದರು. ಯುದ್ಧ ನಮ್ಮೂರಿನ ಒಲೆಯವರೆಗೂ ಬಂದಿತ್ತು.)

ಈಗ ನಮ್ಮ ಪಕ್ಕದ ಮನೆಯವರ ವಿಷಯ. ನಾವು ಬಾಡಿಗೆಗಿದ್ದ ಬೀದಿಯಲ್ಲಿ ಒಬ್ಬ ಪ್ಲಂಬರ್ ಇದ್ದರು, ಪೋಲೆಂಡ್ ಮೂಲದವರು. ಅವರ ಅಡುಗೆಮನೆಯಲ್ಲಿ ಏಸುವಿನ ಪಟದ ಪಕ್ಕ ಕೆನಡಿ ಪಟ. ನನಗೆ ಹಾಸನದ ಅಂಗಡಿಯೇ ನೆನಪಾಯಿತು. ಯೂನಿಯನ್ ಮನುಷ್ಯ, ಹುಟ್ಟಾ ಡೆಮಾಕ್ರಾಟ್. ನನಗೆ ಹಿಮದಲ್ಲಿ ನಡೆಯುವುದನ್ನು ಕಲಿಸಿದವರು ಆತನ ಹೆಂಡತಿ. ಅವರ ಮಗ ವಿಯೆಟ್ನಾಮಿಗೆ ಹೋಗಿ ಬಂದಿದ್ದ. ಜೀವಂತ ಬಂದ, ಆದರೆ ಇಡೀ ದಿನ ಗರಾಜಿನಲ್ಲಿ ಸುಮ್ನೆ ಕೂತಿರುತ್ತಿದ್ದ. ಕಾಲೇಜಿಗೆ ಸೇರಿದವರಿಗೆ ಡ್ರಾಫ್ಟಿನಿಂದ ವಿನಾಯಿತಿ ಸಿಗುತ್ತಿತ್ತು. ಪ್ಲಂಬರ್ ಮಗನಿಗೆ ಕಾಲೇಜೆಲ್ಲಿ? ಹಾಗಾಗಿ ಯುದ್ಧ ಬೇಡ ಅಂತ ಬೀದಿಗಿಳಿದವರಲ್ಲಿ ಕಾಲೇಜು ಮಕ್ಕಳು ಜಾಸ್ತಿ, ಯುದ್ಧಕ್ಕೆ ಹೋದವರಲ್ಲಿ ಇಂಥ ಮನೆಗಳ ಮಕ್ಕಳು ಜಾಸ್ತಿ. "ನನ್ನ ಮಗನನ್ನ ಅಪರಾಧಿ ಥರ ನೋಡ್ತಾರೆ" ಅಂತ ಆತ ಒಂದು ಸಲ ಬೇಲಿಯ ಆಚೆ ನಿಂತು ಹೇಳಿದ್ದು ನನಗೆ ಮರೆಯುವುದಿಲ್ಲ. 1970ರ ಮೇ 4ಕ್ಕೆ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಯುದ್ಧ ವಿರೋಧಿ ಪ್ರತಿಭಟನೆಯ ಹೊತ್ತಿಗೆ ನಾಲ್ಕು ವಿದ್ಯಾರ್ಥಿಗಳು ಸೈನಿಕರ ಗುಂಡಿಗೆ ಬಲಿಯಾದರು. ನಾಲ್ಕು ದಿನದ ನಂತರ ನ್ಯೂಯಾರ್ಕಿನಲ್ಲಿ ಕಟ್ಟಡ ಕೆಲಸದವರು ಯುದ್ಧ ವಿರೋಧಿ ಹುಡುಗರನ್ನು ಹಿಡಿದು ಹೊಡೆದರು. ರೂಸ್‌ವೆಲ್ಟ್ ಕಾಲದಿಂದ ಒಟ್ಟಿಗೆ ಓಟು ಹಾಕಿಕೊಂಡು ಬಂದ ಮನೆ ಆ ಡೆಮಾಕ್ರಾಟ್ ಪಕ್ಷ, ಕಣಪ್ಪ. ಯುದ್ಧ ಅದರ ನಡುವೆ ಗೋಡೆ ಎಬ್ಬಿಸಿತು. 1972ರಲ್ಲಿ ಆ ಪ್ಲಂಬರ್ ರಿಪಬ್ಲಿಕನ್ ನಿಕ್ಸನ್‌ಗೆ ಓಟು ಹಾಕಿದರು. ಕೆನಡಿ ಪಟ ಮಾತ್ರ ಅಲ್ಲೇ ಇತ್ತು. ನಿನ್ನ ಗೆಳೆಯರು ಇಂಥವರನ್ನು ಒಂದೇ ಮಾತಿನಲ್ಲಿ ಮೂರ್ಖರು ಅಂದುಬಿಡುತ್ತಾರಲ್ಲ, ನನಗೆ ಕೋಪ ಬರುವುದು ಅದಕ್ಕೆ.

ಕಿಂಗ್ ಈ ಬಿರುಕನ್ನು ಮೊದಲೇ ಕಂಡಿದ್ದರು. 1967ರ ಏಪ್ರಿಲ್ 4ರಂದು ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚಿನಲ್ಲಿ ಯುದ್ಧದ ವಿರುದ್ಧ ಮಾತಾಡಿದರು. ಬಡವರಿಗೆ ಅಂತ ಎತ್ತಿಟ್ಟ ದುಡ್ಡನ್ನೂ ಬಡವರ ಮಕ್ಕಳನ್ನೂ ಈ ಯುದ್ಧ ನುಂಗುತ್ತಿದೆ ಅನ್ನುವುದು ಅವರ ವಾದ. ದೊಡ್ಡ ಪತ್ರಿಕೆಗಳು ಬೈದವು. ಹಕ್ಕುಗಳ ಹೋರಾಟದ ಹಳೇ ಸಂಗಾತಿಗಳೇ ದೂರ ಸರಿದರು. ಇವತ್ತು ಎಲ್ಲರೂ ಕೊಂಡಾಡುವ ಕಿಂಗ್ ಬೇರೆ, ಕೊನೆಯ ವರ್ಷದ ಒಂಟಿ ಕಿಂಗ್ ಬೇರೆ. ಸರಿಯಾಗಿ ಒಂದು ವರ್ಷಕ್ಕೆ, ಅದೇ ಏಪ್ರಿಲ್ 4ಕ್ಕೆ, ಮೆಂಫಿಸ್‌ನಲ್ಲಿ ಕೊಂದರು. ಅಲ್ಲಿಗೆ ಹೋಗಿದ್ದು ಕಸ ಎತ್ತುವ 1,300 ಕಾರ್ಮಿಕರ ಮುಷ್ಕರಕ್ಕೆ. ಕಸದ ಲಾರಿಯಲ್ಲಿ ಸಿಕ್ಕಿ ಇಬ್ಬರು ಸತ್ತಿದ್ದರು, ಅದರಿಂದ ಎದ್ದ ಮುಷ್ಕರ. ಇಲ್ಲಿ ಕೇಳು, ನೀನು ನೋಡುವ ಸಾಕ್ಷ್ಯಚಿತ್ರಗಳು ಗುಂಡಿನ ಸದ್ದಿಗೇ ಮುಗಿದುಹೋಗುತ್ತವೆ. ಏಪ್ರಿಲ್ 8ಕ್ಕೆ, ಗಂಡನ ಅಂತ್ಯಕ್ರಿಯೆಗೆ ಒಂದು ದಿನ ಮೊದಲು, ಕೊರೆಟಾ ಕಿಂಗ್ ಮೆಂಫಿಸ್‌ಗೆ ಬಂದು ಆ ಮೆರವಣಿಗೆಯ ಮುಂದೆ ನಡೆದರು. 16ಕ್ಕೆ ನಗರಸಭೆ ಯೂನಿಯನ್ನಿಗೆ ಮಾನ್ಯತೆ ಕೊಟ್ಟಿತು. ಮುಷ್ಕರ ಗೆದ್ದಿತು.

ಬಾಬಿ ಕೆನಡಿ ವಿಷಯದಲ್ಲಿ ನಿನ್ನ ಜೊತೆ ನನ್ನ ವಾದ ಇದೆ. ಆ ಪ್ಲಂಬರನನ್ನೂ ಕಪ್ಪು ಜನರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವ ಶಕ್ತಿ ಆ ಮನುಷ್ಯನಿಗಿತ್ತು, ಒಪ್ಪುತ್ತೇನೆ. ಆದರೆ 1968ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಗುಂಡು ಬಿದ್ದ ರಾತ್ರಿ, ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿಗಳ ಲೆಕ್ಕದಲ್ಲಿ ಮುಂದಿದ್ದವರು ಜಾನ್ಸನ್ನರ ಉಪಾಧ್ಯಕ್ಷ ಹಂಫ್ರಿ. ಆಗ ಪ್ರೈಮರಿ, ಅಂದರೆ ಅಭ್ಯರ್ಥಿ ಯಾರು ಅಂತ ಜನ ಓಟು ಹಾಕುವ ಚುನಾವಣೆ, ನಡೆಯುತ್ತಿದ್ದದ್ದೇ ಹದಿನಾಲ್ಕು ಹದಿನೈದು ರಾಜ್ಯಗಳಲ್ಲಿ. ಉಳಿದ ಕಡೆ ಪಕ್ಷದ ದೊಡ್ಡ ತಲೆಗಳು ಕೂತು ಹೆಸರು ಬರೆಯುತ್ತಿದ್ದರು. ಒಂದೇ ಒಂದು ಪ್ರೈಮರಿಗೂ ನಿಲ್ಲದ ಹಂಫ್ರಿಗೆ ಆಗಸ್ಟಿನಲ್ಲಿ ಇದೇ ಶಿಕಾಗೋದಲ್ಲಿ ನಡೆದ ಪಕ್ಷದ ಸಮಾವೇಶದಲ್ಲಿ ಟಿಕೆಟ್ ಸಿಕ್ಕಿತು. ಹೊರಗೆ ಗ್ರಾಂಟ್ ಪಾರ್ಕಿನಲ್ಲಿ ಪೊಲೀಸರು ಯುದ್ಧ ವಿರೋಧಿ ಹುಡುಗರ ತಲೆ ಒಡೆದರು. ಸಿಟ್ಟಾದ ಬಹಳ ಜನ ನವೆಂಬರಿನಲ್ಲಿ ಮನೆಯಲ್ಲೇ ಕೂತರು. ನಿಕ್ಸನ್ ಗೆದ್ದದ್ದು ಸುಮಾರು ಐದು ಲಕ್ಷ ಓಟಿನಿಂದ, ದೇಶದ ಒಟ್ಟು ಓಟಿನಲ್ಲಿ ಶೇ. 1ಕ್ಕಿಂತ ಕಡಿಮೆ. ಅದಾದ ಮೇಲೂ ವಿಯೆಟ್ನಾಮಿನಲ್ಲಿ 20,000ಕ್ಕಿಂತ ಹೆಚ್ಚು ಅಮೆರಿಕನ್ ಹುಡುಗರು ಸತ್ತರು. ವಿಯೆಟ್ನಾಮಿನ ಜನ ಸತ್ತದ್ದು ಲಕ್ಷಗಟ್ಟಲೆ. ಹಂಫ್ರಿ ಬಂದಿದ್ದರೆ ನಿಲ್ಲುತ್ತಿತ್ತೋ ಇಲ್ಲವೋ ದೇವರೇ ಬಲ್ಲ. ಆದರೆ ಓಟು ಹಾಕದೇ ಕೂತದ್ದರಿಂದ ಯಾವ ಹುಡುಗನೂ ಬೇಗ ಮನೆಗೆ ಬರಲಿಲ್ಲ.

ನಿನ್ನನ್ನು ಬೈಯುವ ಮೊದಲು ನನ್ನದೂ ಹೇಳಬೇಕು. 1980ರಲ್ಲಿ ನಾನು ಓಟು ಹಾಕಲಿಲ್ಲ. ಪೌರತ್ವ ಬಂದು ನಾಲ್ಕು ವರ್ಷವಾಗಿತ್ತು. ಚಳಿ, ಕೆಲಸ, ಇಬ್ಬರೂ ಒಂದೇ ಅಂದುಕೊಂಡೆ. ದೊಡ್ಡತಾತ ಏನೂ ಅನ್ನಲಿಲ್ಲ. ರಾತ್ರಿ ಟಿವಿಯಲ್ಲಿ ಫಲಿತಾಂಶ ಬರುವಾಗ ನನ್ನ ಕಡೆ ಒಂದು ಸಲ ನೋಡಿದರು, ಅಷ್ಟೇ.

ಶಿಕಾಗೋದ ರಾದ್ಧಾಂತದಿಂದ ಇನ್ನೊಂದು ಬಂತು, ಅದನ್ನು ಯಾರೂ ಸಿನಿಮಾ ಮಾಡುವುದಿಲ್ಲ. ಪಕ್ಷ ಒಂದು ಸಮಿತಿ ಮಾಡಿತು, ಮೊದಲು ಸೆನೆಟರ್ ಮೆಕ್‌ಗವರ್ನ್ ಅದರ ಅಧ್ಯಕ್ಷರು. ಬರೀ ನಿಯಮ ಬರೆಯುವ ಕೆಲಸ. ಪ್ರತಿನಿಧಿಗಳನ್ನು ಬಾಗಿಲು ಮುಚ್ಚಿ ಆರಿಸುವ ಹಾಗಿಲ್ಲ, ಹೆಂಗಸರು, ಯುವಕರು, ಕಪ್ಪು ಜನ ಇರಬೇಕು. 1968ರಲ್ಲಿ ಪ್ರತಿನಿಧಿಗಳಲ್ಲಿ ಹೆಂಗಸರು ಶೇ. 13, 1972ರಲ್ಲಿ ಶೇ. 40ರಷ್ಟು. ಶಿಕಾಗೋದ ಮೇಯರ್ ಡೇಲಿ ಅಂದರೆ ಇಲ್ಲಿ ಪಾಳೇಗಾರ. 1972ರ ಸಮಾವೇಶದಲ್ಲಿ ಅವರ ತಂಡವನ್ನೇ ಹೊರಗಿಟ್ಟು, ಕಪ್ಪು ಜನರ ನಾಯಕ ಜೆಸ್ಸಿ ಜಾಕ್ಸನ್ ಜೊತೆಗಿದ್ದ ತಂಡವನ್ನು ಕೂರಿಸಿದರು. ನಾನಾಗ ಹಸಿ ಬಾಣಂತಿ, ಮಗುವಿಗೆ ಹಾಲು ಕೊಡುತ್ತಾ ಟಿವಿ ನೋಡುತ್ತಿದ್ದೆ. ಒಳಜಗಳ ಮುಗಿದು, ಟಿಕೆಟ್ ಸಿಕ್ಕಿದ ಮೆಕ್‌ಗವರ್ನ್ ಭಾಷಣಕ್ಕೆ ನಿಂತಾಗ ಮಯಾಮಿಯಲ್ಲಿ ಬೆಳಗಿನ ಜಾವ ಮೂರರ ಹತ್ತಿರ. ದೇಶವೆಲ್ಲ ಮಲಗಿತ್ತು. ನಾನು, ನನ್ನಂಥ ಬಾಣಂತಿಯರು ಕೇಳಿರಬೇಕು! ನಿಕ್ಸನ್ 49 ರಾಜ್ಯ ಗೆದ್ದರು.

ಆದರೂ ನಿಯಮ ಉಳಿಯಿತು. ಕಿಂಗ್ ಸತ್ತ ದಿನ ಆ ಮೆಂಫಿಸ್ ಮೋಟೆಲಿನಲ್ಲಿದ್ದ ಜಾಕ್ಸನ್ 1984 ಮತ್ತು 1988ರಲ್ಲಿ ಅಧ್ಯಕ್ಷ ಪದವಿಯ ಟಿಕೆಟ್ಟಿಗೆ ತಾವೇ ನಿಂತು ಸೋತರು. ಸೋತರೂ ಪಟ್ಟು ಹಿಡಿದು, ಬಂದ ಓಟಿನ ಪ್ರಮಾಣಕ್ಕೆ ತಕ್ಕಂತೆ ಪ್ರತಿನಿಧಿಗಳನ್ನು ಹಂಚಬೇಕು ಅನ್ನುವ ನಿಯಮ ತಂದರು. 2008ರಲ್ಲಿ ಒಬಾಮ ಹಿಲರಿ ಕ್ಲಿಂಟನ್‌ರನ್ನು ಹಿಂದೆ ಹಾಕಿದ್ದು ಆ ಲೆಕ್ಕದಲ್ಲೇ, ಇರಾಕ್ ಯುದ್ಧವನ್ನು ಮೊದಲೇ ವಿರೋಧಿಸಿದ್ದರ ಬಲ ಬೇರೆ. ನವೆಂಬರ್ 4ರ ರಾತ್ರಿ ಅದೇ ಗ್ರಾಂಟ್ ಪಾರ್ಕಿನ ಜನಜಂಗುಳಿಯಲ್ಲಿ ಜಾಕ್ಸನ್ ಅಳುತ್ತಾ ನಿಂತಿದ್ದನ್ನು ಟಿವಿಯಲ್ಲಿ ತೋರಿಸಿದರು. ದೊಡ್ಡತಾತ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು.

ಇನ್ನೊಂದು ವಿಷಯ, ಇದನ್ನು ಫೋನಿನಲ್ಲಿ ಹೇಳೋಕೆ ಆಗಲಿಲ್ಲ. ಹೋದ ತಿಂಗಳು ಯೂಟಾದಲ್ಲಿ ಬಲಪಂಥದ ಪ್ರಚಾರಕ ಚಾರ್ಲಿ ಕರ್ಕ್‌ನನ್ನು ಕೊಂದಾಗ ನಿನ್ನ ಗೆಳೆಯ ನಕ್ಕ, ನೀನು ಸುಮ್ಮನಿದ್ದೆ ಅಂದೆ. ಸುಮ್ಮನಿದ್ದದ್ದು ತಪ್ಪು, ಸುಹಾಸ. ಶರ್ಲಿ ಚಿಸಮ್ ಹೆಸರು ಕೇಳಿದ್ದೀಯ. 1972ರಲ್ಲಿ ಅಧ್ಯಕ್ಷ ಪದವಿಯ ಟಿಕೆಟ್ಟಿಗೆ ನಿಂತ ಕಪ್ಪು ಹೆಂಗಸು. ಅದೇ ಸ್ಪರ್ಧೆಯಲ್ಲಿ ಅಲಬಾಮದ ಜಾರ್ಜ್ ವಾಲೇಸ್ ಇದ್ದರು, ಕಪ್ಪು ಬಿಳಿ ಮಕ್ಕಳು ಒಟ್ಟಿಗೆ ಓದಬಾರದು ಅಂತ ವಿಶ್ವವಿದ್ಯಾಲಯದ ಬಾಗಿಲಿಗೆ ಅಡ್ಡ ನಿಂತ ಮನುಷ್ಯ. ಮೇ 15ಕ್ಕೆ ಮೇರಿಲ್ಯಾಂಡಿನಲ್ಲಿ ವಾಲೇಸ್‌ಗೆ ಗುಂಡು ಬಿತ್ತು, ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಚಿಸಮ್ ಆಸ್ಪತ್ರೆಗೆ ಹೋದರು. ನಿಮ್ಮವರು ಏನಂತಾರೆ ಅಂತ ವಾಲೇಸ್ ಕೇಳಿದರಂತೆ. ಏನಂತಾರೆ ಅಂತ ಗೊತ್ತು, ಆದರೆ ನಿಮಗಾದದ್ದು ಯಾರಿಗೂ ಆಗಬಾರದು ಅಂದರಂತೆ ಆಕೆ. ಆತ ಅತ್ತುಬಿಟ್ಟರು. ಆಕೆಯ ಬೆಂಬಲಿಗರು ಬಾಯಿಗೆ ಬಂದ ಹಾಗೆ ಬೈದರು. ಮುಂದೆ ಮನೆಗೆಲಸದವರಿಗೆ ಕನಿಷ್ಠ ಕೂಲಿ ಕೊಡುವ ಕಾನೂನಿಗೆ ದಕ್ಷಿಣದ ಸದಸ್ಯರ ಓಟು ಬೇಕಾದಾಗ ವಾಲೇಸ್ ಸಹಾಯ ಮಾಡಿದರು ಅಂತಾರೆ. ಆದರೆ ಚಿಸಮ್ ಆಸ್ಪತ್ರೆಗೆ ಹೋಗುವಾಗ ಈ ಲಾಭದ ಲೆಕ್ಕ ಇರಲಿಲ್ಲ. ನಿನ್ನ ಗೆಳೆಯನಿಗೆ ಈ ಕಥೆ ಹೇಳು. ನಗಲಿ ಬೇಕಾದರೆ.

ಹಾರ್ಟ್‌ಮನ್ ಸ್ಪೀಕರ್ ಆಗಿದ್ದಾಗ, 2023ರಲ್ಲಿ, ನಿಮ್ಮ ರಾಜ್ಯದ ಶಾಲೆಗಳಲ್ಲಿ ಎಲ್ಲ ಮಕ್ಕಳಿಗೂ ಉಚಿತ ಊಟ ಅಂತ ಕಾನೂನು ಆಯಿತಲ್ಲ. ಸೆನೆಟ್ಟಿನಲ್ಲಿ ಆಗ 34-33, ಒಂದೇ ಸೀಟಿನ ಬಹುಮತ. ಆ ಒಂದು ಸೀಟು ಯಾರೋ ನಿನ್ನಂಥವರು ಬಾಗಿಲು ತಟ್ಟಿದ್ದಕ್ಕೆ ಬಂದದ್ದು. ನಿನ್ನ ಅಜ್ಜಿಗೆ ಫೋನ್ ಮಾಡಿದಾಗ ಇದನ್ನು ಹೇಳಿದೆ. "ಉಪ್ಪಿಟ್ಟು ಕೊಡ್ತಾರಾ?" ಅಂತ ಕೇಳಿದಳು.

ದೊಡ್ಡತಾತನ ಡ್ರಾಫ್ಟ್ ಕಾರ್ಡ್ ನೋಡಬೇಕು ಅಂದಿದ್ದೆ. ಅದರ ಜೆರಾಕ್ಸ್ ಇಟ್ಟಿದ್ದೇನೆ. ಅಸಲಿ ಕೊಡುವುದಿಲ್ಲ. ನೋಡಬೇಕಾದರೆ ಥ್ಯಾಂಕ್ಸ್‌ಗಿವಿಂಗ್‌ಗೆ ಬಾ. ನವೆಂಬರ್ 4ಕ್ಕೆ ನಿಮ್ಮ ಊರಿನಲ್ಲಿ ಮೇಯರ್ ಚುನಾವಣೆ ಇದೆ ಅಂತ ಪೇಪರಿನಲ್ಲಿ ಓದಿದೆ. ಓಟು ಹಾಕಿದೆಯಾ ಅಂತ 5ನೇ ತಾರೀಕು ಬೆಳಿಗ್ಗೆ ಫೋನ್ ಮಾಡುತ್ತೇನೆ, ಎತ್ತು.

ನಿನ್ನ,
ದೊಡ್ಡಜ್ಜಿ