ತಣ್ಣನೆಯ ಬೆಂಕಿ

ಡಾರ್ವಿನ್, ಆಸ್ಟ್ರೇಲಿಯಾ
ಜೂನ್ 14

ಅಪ್ಪಾ, ಅವ್ವಾ, ಇಬ್ಬರಿಗೂ ನಮಸ್ಕಾರ.

ನಾನು ಆರಾಮ ಇದ್ದೇನೆ. ಮಿರಗ ನಕ್ಷತ್ರ ಕೂಡಿ ವಾರವಾಯಿತು. ಮುಧೋಳದ ಕಡೆ ಹನಿ ಬಿತ್ತಾ?

ಹೋದ ವಾರ ಕೆಲಸದ ಮೇಲೆ ಕಾಕಡು ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದೆ. ಇಲ್ಲಿಂದ ಮೂರು ತಾಸಿನ ದಾರಿ. ಅಲ್ಲಿನ ಮೂಲ ಜನ ಬಿನಿಂಜ್. ನಮಗೆ ಮಿರಗ, ಆರಿದ್ರಾ ಇದ್ದ ಹಾಗೆ ಅವರಿಗೆ ವರ್ಷಕ್ಕೆ ಆರು ಕಾಲ. ಮೇ, ಜೂನ್‌ನಲ್ಲಿ ಬರುವುದು ಯೆಗ್ಗೆ. ಆಗ ಅವರು ಹುಲ್ಲಿಗೆ ಬೆಂಕಿ ಇಡುತ್ತಾರೆ.

ಆ ಹುಲ್ಲು ನಮ್ಮ ಜೋಳದ ಬಳಗದ್ದೇ ಅಪ್ಪಾ! ಆಳೆತ್ತರ ಬೆಳೆದು, ಏಪ್ರಿಲ್ ಗಾಳಿಗೆ ಮಲಗಿರುತ್ತದೆ. ಬುಡದಲ್ಲಿ ಇನ್ನೂ ಹಸಿ. ಒಬ್ಬ ಅಜ್ಜಿ ಗಾಳಿ ನೋಡಿ, ಒಂದೇ ಕಡೆ ಕಡ್ಡಿ ಗೀರಿದಳು. ಉರಿ ಮೊಣಕಾಲೆತ್ತರ. ನಾವು ಪಕ್ಕದಲ್ಲೇ ನಡೆದೆವು. ಮಿಡತೆಗಳು ಮುಂದೆ ಜಿಗಿಯುತ್ತಿದ್ದವು, ಅವನ್ನು ಹಿಡಿಯಲು ಮೇಲೆ ಹದ್ದುಗಳು. ಮರದ ಎಲೆ ಹಸಿರಾಗೇ ಇತ್ತು. ರಾತ್ರಿ ಇಬ್ಬನಿಗೆ ಬೆಂಕಿ ತಾನೇ ಆರಿತು.

ಹೀಗೆ ಅಲ್ಲಲ್ಲಿ ಸುಟ್ಟರೆ ಅಕ್ಟೋಬರ್ ಬಿಸಿಲಿಗೆ ಕಾಡೇ ಹೊತ್ತಿ ಉರಿಯುವುದು ತಪ್ಪುತ್ತದೆ. ಹೊಗೆಯೂ ಒಟ್ಟಾರೆ ಕಡಿಮೆ. ಪಕ್ಕದ ಪಶ್ಚಿಮ ಆರ್ನೆಮ್ ಲ್ಯಾಂಡ್‌ನಲ್ಲಿ 2006ರಿಂದ ಸುಮಾರು 28 ಸಾವಿರ ಚದರ ಕಿಲೋಮೀಟರ್ ನೆಲವನ್ನು ಹೀಗೇ ಕಾಯುತ್ತಿದ್ದಾರೆ, ಹೊಗೆ ಕಡಿಮೆ ಮಾಡಿದ್ದಕ್ಕೆ ದುಡ್ಡೂ ಬರುತ್ತದೆ. ನಡುವೆ ಜನರನ್ನು ಊರು ಬಿಡಿಸಿದ್ದಾಗ ಹೀಗೆ ಸುಡುವವರಿಲ್ಲದೆ ದೊಡ್ಡ ಬೆಂಕಿಗಳು ಬಂದವಂತೆ. ಅಜ್ಜಿಗೆ ಈಗ ಬೇರೆ ಚಿಂತೆ. ಸಮುದ್ರ ಏರಿದರೆ ಸಿಹಿನೀರಿನ ಜವುಗಿಗೆ ಉಪ್ಪುನೀರು ನುಗ್ಗುತ್ತದೆ. 2019ರಲ್ಲಿ ಘಟಪ್ರಭಾ ನಮ್ಮ ಕಬ್ಬಿನೊಳಗೆ ನಿಂತದ್ದನ್ನು ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡಳು.

"ಅವರೂ ಸುಡ್ತಾರಲ್ಲ, ನಾವು ಕಬ್ಬಿನ ಒಣಗರಿ, ರವದಿ ಸುಟ್ಟರೆ ತಪ್ಪೇನು" ಅಂತೀರಿ, ಗೊತ್ತು. ನಾವು ಒಣ ರವದಿಗೆ ಬಿಸಿಲಲ್ಲಿ ನಾಲ್ಕೂ ಕಡೆ ಹಚ್ಚುತ್ತೇವೆ. ಹುಳಕ್ಕೆ ಓಡಲು ದಾರಿ ಇರಲ್ಲ, ಎರೆಹುಳ ಬೆಂದುಹೋಗುತ್ತದೆ. ಬದುವಿನ ಬೇವು ಒಂದು ಮಗ್ಗಲು ಕರಕಲಾಗಿದ್ದು ನೆನಪಿದೆಯಲ್ಲ? ಅದರಲ್ಲಿ ನಾನು ಜೋಕಾಲಿ ಆಡಿದ್ದೆ.

ಈ ಸಲ ಕಬ್ಬು ಕಡಿದ ಮೇಲೆ ಎರಡು ಎಕರೆಯಾದರೂ ರವದಿ ಸುಡಬೇಡಿ. ಸಾಲಿನ ನಡುವೆ ಹಾಸಿ, ಕುಳೆಗೆ ನೀರು ಬಿಡಿ. ನೆಲ ಜಾಸ್ತಿ ದಿನ ಹಸಿ ಹಿಡಿಯುತ್ತದೆ. ಹಾಸುವ ಆಳಿನ ಕೂಲಿ ನಾನು ಕಳಿಸುತ್ತೇನೆ. ಅವ್ವಾ, ನೀನೂ ಅಪ್ಪನಿಗೆ ಒಂದು ಮಾತು ಹೇಳು.

ನಿಮ್ಮ ಮಗಳು